ಸರಾಯೆವೊ ಸುಂದರಿಗೊಂದು ಹಾಡು: ‘ಪ್ಯಾಸೆಂಜರ್ಸ್’ ತಂಡದ ಒಂದೇ ಒಂದು ಆಲ್ಬಂ

1993ರ ಮೇ ತಿಂಗಳು. ಬೋಸ್ನಿಯಾದ ರಾಜಧಾನಿ ಸರಾಯೆವೊದ ಒಂದು ನೆಲಮಾಳಿಗೆಯಲ್ಲಿ ಸೌಂದರ್ಯ ಸ್ಪರ್ಧೆ ನಡೆಯಿತು. ನೆಲಮಾಳಿಗೆ ಯಾಕೆಂದರೆ ಮೇಲೆ ಶೆಲ್ ಬೀಳುತ್ತಿದ್ದವು. ಊರಿಗೆ ಮುತ್ತಿಗೆ ಹಾಕಿ ಆಗಲೇ ಒಂದು ವರ್ಷ ದಾಟಿತ್ತು. ಕರೆಂಟಿಗೆ ಗ್ಯಾರಂಟಿ ಇಲ್ಲ, ನಲ್ಲಿಯಲ್ಲಿ ನೀರಿಲ್ಲ, ರಸ್ತೆ ದಾಟಲು ಹೋದರೆ ಬೆಟ್ಟದ ಮೇಲಿಂದ ಗುಂಡು. ಅಂಥ ಊರಿನ ಹುಡುಗಿಯರು ತುಟಿಗೆ ಬಣ್ಣ ಹಚ್ಚಿಕೊಂಡು, ಈಜುಡುಗೆ ತೊಟ್ಟು, ವೇದಿಕೆಗೆ ಬಂದರು. ಸಾಲಾಗಿ ನಿಂತು ಉದ್ದನೆಯ ಬ್ಯಾನರ್ ಒಂದನ್ನು ಬಿಡಿಸಿ ಹಿಡಿದರು. ಅದರ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು: ನಮ್ಮನ್ನು ಕೊಲ್ಲಲು ಅವರನ್ನು ಬಿಡಬೇಡಿ. ಗೆದ್ದವಳು ಇನೇಲಾ ನೋಗಿಚ್ ಎಂಬ 17 ವರ್ಷದ ಹುಡುಗಿ.

ಈ ಸ್ಪರ್ಧೆ ಮುಂದೆ ಒಂದು ಹಾಡಾಯಿತು. ಆ ಹಾಡು ಬಂದದ್ದು ಬಹಳ ವಿಚಿತ್ರವಾದ ಒಂದು ಆಲ್ಬಂನಲ್ಲಿ. ಐರ್ಲೆಂಡಿನ ‘ಯುಟೂ’ ಎಂಬ ಹೆಸರಾಂತ ರಾಕ್ ಬ್ಯಾಂಡು ಮತ್ತು ಬ್ರಿಯಾನ್ ಈನೊ ಎಂಬ ಇಂಗ್ಲೆಂಡಿನ ಸಂಗೀತಗಾರ ಸೇರಿ, ತಮ್ಮ ಹೆಸರುಗಳನ್ನು ಪಕ್ಕಕ್ಕಿಟ್ಟು, ‘ಪ್ಯಾಸೆಂಜರ್ಸ್’ ಅಂತ ಹೊಸ ಹೆಸರಿಟ್ಟುಕೊಂಡು 1995ರ ನವೆಂಬರಿನಲ್ಲಿ ಹೊರತಂದ ಆಲ್ಬಂ ಅದು. ಹೆಸರು ‘ಒರಿಜಿನಲ್ ಸೌಂಡ್‌ಟ್ರ್ಯಾಕ್ಸ್ 1’. ಅದರಲ್ಲಿದ್ದ 14 ಹಾಡುಗಳಲ್ಲಿ ಹೆಚ್ಚಿನವು ಯಾರೂ ತೆಗೆಯದ, ಎಲ್ಲೂ ಇಲ್ಲದ ಸಿನಿಮಾಗಳಿಗೆ ಮಾಡಿದ ಸಂಗೀತ. ಸಿನಿಮಾ ಇಲ್ಲ, ಸಿನಿಮಾ ಸಂಗೀತ ಇದೆ! ಇಂಥ ಆಟದ ನಡುವೆ ಸರಾಯೆವೊದ ನಿಜವಾದ ರಕ್ತ, ನಿಜವಾದ ಲಿಪ್‌ಸ್ಟಿಕ್ಕು ಹೇಗೆ ಬಂದು ಸೇರಿತು ಎಂಬುದು ಈ ಬರಹದ ವಿಷಯ.

ಮೊದಲು ಊರಿನ ಕತೆ. ಬೋಸ್ನಿಯಾ ಹಿಂದೆ ಯುಗೊಸ್ಲಾವಿಯಾ ಎಂಬ ಒಕ್ಕೂಟದ ಭಾಗವಾಗಿತ್ತು. ಬೋಸ್ನಿಯಾದ ಮುಸ್ಲಿಮರು, ಆರ್ಥಡಾಕ್ಸ್ ಕ್ರೈಸ್ತರಾದ ಸರ್ಬರು, ಕ್ಯಾಥೊಲಿಕ್ ಕ್ರೈಸ್ತರಾದ ಕ್ರೊವೇಟರು ಸರಾಯೆವೊದಲ್ಲಿ ಒಂದೇ ಬೀದಿಯಲ್ಲಿ, ಎಷ್ಟೋ ಕಡೆ ಒಂದೇ ಮನೆಯಲ್ಲಿ ಬಾಳಿದವರು. 1984ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇದೇ ಊರಲ್ಲಿ. ಕೋಶೆವೊ ಸ್ಟೇಡಿಯಂನಲ್ಲಿ ಅದರ ಉದ್ಘಾಟನೆ ಆಗಿತ್ತು. ಈ ಸ್ಟೇಡಿಯಂ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಯುಗೊಸ್ಲಾವಿಯಾ ಒಡೆದು ಚೂರಾಗತೊಡಗಿದಾಗ 1992ರಲ್ಲಿ ಬೋಸ್ನಿಯಾ ಸ್ವತಂತ್ರವಾಯಿತು. ಅದನ್ನು ಒಪ್ಪದ ಬೋಸ್ನಿಯಾದ ಸರ್ಬ್ ಪಡೆಗಳು ಏಪ್ರಿಲ್‌ನಲ್ಲಿ ರಾಜಧಾನಿಯ ಸುತ್ತಲಿನ ಬೆಟ್ಟಗಳನ್ನು ಹಿಡಿದವು. ಸರಾಯೆವೊ ಬಟ್ಟಲಿನ ತಳದಲ್ಲಿರುವಂಥ ಊರು. ಸುತ್ತ ಅಂಚಿನಲ್ಲಿ ಫಿರಂಗಿ ಇಟ್ಟು ಕೂತರೆ ಒಳಗಿನವರಿಗೆ ಅಡಗಲು ಜಾಗವಿಲ್ಲ. ಮುತ್ತಿಗೆ 1,425 ದಿನ ನಡೆಯಿತು, 1996ರ ಫೆಬ್ರವರಿ ಕೊನೆಯವರೆಗೆ. ಜನ ನೀರಿಗೆ ಕ್ಯಾನ್ ಹಿಡಿದು ಸಾಲು ನಿಂತರು, ನಿಂತ ಸಾಲಿನ ಮೇಲೆ ಶೆಲ್ ಬಿತ್ತು. ಬ್ರೆಡ್ಡಿಗೆ ಸಾಲು ನಿಂತರು, ಅಲ್ಲೂ ಬಿತ್ತು. 1992ರ ಆಗಸ್ಟಿನಲ್ಲಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಶೆಲ್ ಹೊಡೆದು ಲಕ್ಷಾಂತರ ಪುಸ್ತಕ ಸುಟ್ಟರು. 1994ರ ಫೆಬ್ರವರಿಯಲ್ಲಿ ಮಾರ್ಕಾಲೆ ಎಂಬ ತರಕಾರಿ ಸಂತೆಗೆ ಬಿದ್ದ ಒಂದೇ ಶೆಲ್ಲಿಗೆ 68 ಜನ ಸತ್ತರು. ಮುತ್ತಿಗೆ ಶುರುವಾಗಿ 20 ವರ್ಷ ತುಂಬಿದಾಗ, 2012ರಲ್ಲಿ, ಊರಿನವರು ಮುಖ್ಯ ರಸ್ತೆಯಲ್ಲಿ ಸತ್ತವರಿಗೊಂದರಂತೆ ಕೆಂಪು ಕುರ್ಚಿ ಸಾಲಾಗಿ ಇಟ್ಟರು. ಒಟ್ಟು 11,541 ಖಾಲಿ ಕುರ್ಚಿಗಳು. ಅದರಲ್ಲಿ ನೂರಾರು ಪುಟ್ಟ ಮಕ್ಕಳ ಕುರ್ಚಿಗಳು.

ಇಷ್ಟಿದ್ದರೂ ಊರು ಉಸಿರಾಡುತ್ತಿತ್ತು. ವಿಮಾನ ನಿಲ್ದಾಣದ ಅಡಿಯಲ್ಲಿ ಸುಮಾರು 800 ಮೀಟರ್ ಉದ್ದದ ಸುರಂಗ ತೋಡಿ ಅಕ್ಕಪಕ್ಕದ ಹಳ್ಳಿಗಳ ಕಡೆಯಿಂದ ಹಿಟ್ಟು, ಔಷಧಿ, ಬಂದೂಕು ಎಲ್ಲ ತಂದರು. ವೆದ್ರಾನ್ ಸ್ಮೈಲೊವಿಚ್ ಎಂಬ ಕಲಾವಿದ ಕಪ್ಪು ಕೋಟು ತೊಟ್ಟು, ಕುಸಿದ ಕಟ್ಟಡಗಳ ನಡುವೆ ಕೂತು ಚೆಲ್ಲೊ ನುಡಿಸಿದರು. ಮೋಂಬತ್ತಿ ಬೆಳಕಲ್ಲಿ ನಾಟಕಗಳು ನಡೆದವು. ಸೌಂದರ್ಯ ಸ್ಪರ್ಧೆ ಮಾಡಿದ್ದೂ ಇದೇ ಹಟದಲ್ಲಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಾವು ಹಂಗಿಸಲು ಬಳಸುತ್ತೇವೆ. ಸರಾಯೆವೊದ ಹುಡುಗಿಯರ ಮಟ್ಟಿಗೆ ಅದು ಮೆಚ್ಚುಗೆಯ ಮಾತೇ ಆಗಬೇಕು. ಮುಡಿಗೆ ಹೂ ಮುಡಿಯುವುದನ್ನು ಬಿಟ್ಟರೆ ಬೆಟ್ಟದ ಮೇಲೆ ಕೂತವರು ಗೆದ್ದಂತೆ ಎಂದು ಅವರಿಗೆ ಅನಿಸಿತ್ತು.

ಈ ಸ್ಪರ್ಧೆಯ ದೃಶ್ಯಗಳನ್ನು ಹೊರಜಗತ್ತಿಗೆ ಒಯ್ದ ಡಾಕ್ಯುಮೆಂಟರಿ ಬಿಲ್ ಕಾರ್ಟರ್ ಎಂಬ ಅಮೆರಿಕದ ತರುಣನದು. ಕಾರ್ಟರ್ ಪತ್ರಕರ್ತರೇನೂ ಆಗಿರಲಿಲ್ಲ. ಪ್ರೀತಿಸಿದ ಹುಡುಗಿ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಎಲ್ಲಿಗಾದರೂ ಹೋಗಿಬಿಡಬೇಕು ಅಂತ ಹೊರಟವರು. ಬಣ್ಣ ಬಳಿದ ಲಾರಿಗಳಲ್ಲಿ, ಕೋಡಂಗಿ ವೇಷ ಹಾಕಿಕೊಂಡು ಊಟ ಹಂಚುತ್ತಿದ್ದ ಒಂದು ನೆರವಿನ ತಂಡದ ಜೊತೆ ಸರಾಯೆವೊ ಒಳಗೆ ಸೇರಿದರು. ಅಲ್ಲಿದ್ದಾಗ ಟಿವಿಯಲ್ಲಿ ಯುಟೂ ಬ್ಯಾಂಡಿನ ಸಂದರ್ಶನ ಕಂಡರು. ಇವರ ಮೂಲಕ ಊರಿನ ಸುದ್ದಿ ಹೊರಗೆ ಹೋಗಬಹುದಲ್ಲ ಎನಿಸಿತು. ಸರಾಯೆವೊ ಟಿವಿಯ ಹೆಸರಲ್ಲಿ ಸಂದರ್ಶನ ಬೇಕೆಂದು ಕೇಳಿ, 1993ರ ಜುಲೈನಲ್ಲಿ ಇಟಲಿಯ ವೆರೊನಾಕ್ಕೆ ಹೋಗಿ, ಬ್ಯಾಂಡಿನ ಗಾಯಕ ಬೊನೊ ಅವರನ್ನು ಭೇಟಿಯಾದರು.

ಯುಟೂ ಆಗ ಜಗತ್ತಿನ ಅತಿ ದೊಡ್ಡ ಬ್ಯಾಂಡುಗಳಲ್ಲಿ ಒಂದು. ‘ಜೂ ಟಿವಿ’ ಎಂಬ ಹೆಸರಿನ ಅವರ ಪ್ರವಾಸದಲ್ಲಿ ವೇದಿಕೆಯ ತುಂಬ ದೈತ್ಯಾಕಾರದ ಪರದೆಗಳು. ಟಿವಿ ನೋಡಿ ನೋಡಿ ಜಗತ್ತು ಹೇಗೆ ಮರಗಟ್ಟಿದೆ ಎಂದು ಅಣಕಿಸುವುದೇ ಆ ಕಾರ್ಯಕ್ರಮದ ತಿರುಳು. ಕಾರ್ಟರ್ ಹೇಳಿದ್ದು ಕೇಳಿ ಬೊನೊ, ನಾವೇ ಸರಾಯೆವೊಕ್ಕೆ ಬಂದು ಹಾಡುತ್ತೇವೆ ಎಂದರು. ಜನ ಒಂದೆಡೆ ಸೇರಿದರೆ ಶೆಲ್ ಬೀಳುವ ಊರಲ್ಲಿ ಅದು ಆಗುವ ಮಾತಾಗಿರಲಿಲ್ಲ. ಬದಲಿಗೆ ಉಪಗ್ರಹದ ಮೂಲಕ ನೇರ ಸಂಪರ್ಕ ಏರ್ಪಾಡಾಯಿತು. ಯುರೋಪಿನ ಯಾವುದೋ ಸ್ಟೇಡಿಯಂನಲ್ಲಿ ಸಾವಿರಾರು ಜನ ಕುಣಿಯುತ್ತಿರುವಾಗ ಹಾಡು ನಿಲ್ಲಿಸಿ, ದೊಡ್ಡ ಪರದೆಯ ಮೇಲೆ ಸರಾಯೆವೊದವರನ್ನು ಮಾತಾಡಿಸುವುದು.

ಇದು ಎಲ್ಲರಿಗೂ ಹಿಡಿಸಲಿಲ್ಲ. ಪರರ ಸಾವನ್ನು ಶೋಕಿಗೆ ಬಳಸುತ್ತಿದ್ದಾರೆ ಎಂದು ಬ್ರಿಟನ್ನಿನ ಪತ್ರಿಕೆಗಳು ಬೈದವು. ಬ್ಯಾಂಡಿನ ಒಳಗೇ ಡ್ರಮ್ ಬಾರಿಸುವ ಲ್ಯಾರಿ ಮಲ್ಲೆನ್ ಅವರಿಗೆ ಇದು ಸರಿಯೇ ಎಂಬ ಅನುಮಾನ ಇತ್ತು. ಒಂದು ರಾತ್ರಿ ಪರದೆಯ ಮೇಲೆ ಬಂದ ಸರಾಯೆವೊದ ಮೂವರು ಹೆಂಗಸರು ನೇರವಾಗಿ ಹೇಳಿಬಿಟ್ಟರು: ನೀವು ನಮಗೇನೂ ಮಾಡುವುದಿಲ್ಲ ಅಂತ ಗೊತ್ತು, ಈಗ ನಿಮ್ಮ ಹಾಡಿಗೆ ಮರಳುತ್ತೀರಿ, ನಾವಿದ್ದೇವೆ ಎಂಬುದನ್ನೇ ಮರೆಯುತ್ತೀರಿ, ನಾವು ಇಲ್ಲಿ ಸಾಯುತ್ತೇವೆ. ಇಡೀ ಸ್ಟೇಡಿಯಂ ತೆಪ್ಪಗಾಯಿತು. ಆಮೇಲೆ ಯಾವ ಹಾಡು ತಾನೇ ಹಾಡುವುದು? ಸ್ವಲ್ಪ ದಿನಕ್ಕೆ ಈ ನೇರ ಸಂಪರ್ಕಗಳು ನಿಂತವು.

ಕ್ಯಾಮೆರಾ ಹಿಡಿದು ಹಳ್ಳಿಗೆ ಹೋಗುವ ನಮ್ಮಂಥವರಿಗೆ ಆ ಹೆಂಗಸರ ಮಾತು ಹೊಸದೇನಲ್ಲ. ಬೆಳೆ ಒಣಗಿದ ಹೊಲದ ಬದುವಿನಲ್ಲಿ ನಿಂತಾಗ, ‘ಫೋಟೊ ಹೊಡ್ಕೊಂಡು ಹೋಗ್ತೀರಿ, ಆಮೇಲೆ ಈ ಕಡೆ ತಲೇನೂ ಹಾಕಲ್ಲ’ ಅಂತ ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ. ಅದಕ್ಕೆ ಉತ್ತರ ಕೊಡುವುದು ಕಷ್ಟ. ಬೊನೊ ಮತ್ತು ಗೆಳೆಯರಿಗೂ ಕಷ್ಟವಾಯಿತು. ಅವರು ಮುಂದೆ ಮಾಡಿದ್ದನ್ನು ಈ ಪ್ರಶ್ನೆಯನ್ನು ನೆನಪಲ್ಲಿಟ್ಟುಕೊಂಡೇ ನೋಡಬೇಕು.

ಈಗ ಆಲ್ಬಂನ ಕಡೆ ಬರೋಣ. ಅದರ ನಿಜವಾದ ಸೂತ್ರಧಾರ ಬ್ರಿಯಾನ್ ಈನೊ. ಈ ಹೆಸರು ನೀವು ಕೇಳಿರಲಿಕ್ಕಿಲ್ಲ, ಆದರೆ ಅವರ ಸಂಗೀತ ಕೇಳಿರಬಹುದು. ವಿಂಡೋಸ್ 95 ಇದ್ದ ಕಂಪ್ಯೂಟರ್ ಆನ್ ಮಾಡಿದರೆ ಗಂಟೆಯ ಹಾಗೆ ತೇಲಿ ಬರುತ್ತಿದ್ದ ನಾದವೊಂದಿತ್ತಲ್ಲ, ಕೆಲವೇ ಸೆಕೆಂಡುಗಳದ್ದು, ಅದು ಈನೊ ಮಾಡಿದ್ದು. ಅಷ್ಟು ಪುಟ್ಟ ನಾದಕ್ಕಾಗಿ 84 ತುಣುಕು ಮಾಡಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. 1970ರ ದಶಕದಲ್ಲಿ ‘ರಾಕ್ಸಿ ಮ್ಯೂಸಿಕ್’ ಬ್ಯಾಂಡಿನಲ್ಲಿದ್ದವರು, ಆಮೇಲೆ ಹಿನ್ನೆಲೆಯಲ್ಲಿ ಸುಮ್ಮನೆ ಹರಡಿಕೊಂಡಿರುವ ‘ಆಂಬಿಯೆಂಟ್’ ಎಂಬ ಸಂಗೀತ ಬೆಳೆಸಿದವರು. ಇಲ್ಲದ ಸಿನಿಮಾಗಳಿಗೆ ಸಂಗೀತ ಮಾಡುವ ಚಪಲ ಅವರಿಗೆ ಆಗಿನಿಂದಲೇ ಇತ್ತು. 1984ರಿಂದ ಯುಟೂ ಆಲ್ಬಂಗಳಿಗೆ ನಿರ್ಮಾಪಕರಾಗಿ ಕೆಲಸ ಮಾಡುತ್ತಿದ್ದರು.

ಸಿನಿಮಾದ ಭಾಷೆಯಲ್ಲಿ ನಿರ್ಮಾಪಕ ಎಂದರೆ ದುಡ್ಡು ಹಾಕುವವನು. ರಾಕ್ ಸಂಗೀತದಲ್ಲಿ ಹಾಗಲ್ಲ. ಸ್ಟುಡಿಯೋದಲ್ಲಿ ಕೂತು ಯಾವುದು ಇರಲಿ, ಯಾವುದು ಬೇಡ, ಯಾವ ವಾದ್ಯ ಎಷ್ಟು ಕೇಳಲಿ ಎಂದು ಹಾಡಿಗೆ ರೂಪ ಕೊಡುವವನು ಆತ. ಈ ಸಲ ಈನೊ ಆ ಕುರ್ಚಿಯಿಂದೆದ್ದು ಬ್ಯಾಂಡಿನ ಐದನೆಯವರಾಗಿ ಒಳಗೆ ಬಂದರು. ಹಾಡು ಕಟ್ಟುವುದರಲ್ಲೂ ಸಮಪಾಲು.

ಶುರುವಾದದ್ದು ಒಂದು ನಿಜವಾದ ಸಿನಿಮಾದಿಂದಲೇ. ಪೀಟರ್ ಗ್ರೀನವೇ ಎಂಬ ಬ್ರಿಟಿಷ್ ನಿರ್ದೇಶಕರ ‘ದಿ ಪಿಲ್ಲೊ ಬುಕ್’ ಚಿತ್ರಕ್ಕೆ ಸಂಗೀತ ಮಾಡುವ ಮಾತಿತ್ತು. ಅದು ಕೂಡಿಬರಲಿಲ್ಲ. ಹೋಗಲಿ, ನಾವೇ ಸಿನಿಮಾಗಳನ್ನು ಊಹಿಸಿಕೊಳ್ಳೋಣ ಎಂದರು ಈನೊ. 1994ರ ನವೆಂಬರಿನಲ್ಲಿ ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಎರಡು ವಾರ, ಮರುವರ್ಷ ಡಬ್ಲಿನ್‌ನಲ್ಲಿ ಕೆಲವು ವಾರ ಕೆಲಸ ನಡೆಯಿತು. ಮೊದಲೇ ಬರೆದ ಹಾಡಿಲ್ಲ, ರಾಗ ಇಲ್ಲ. ಟಿವಿಯಲ್ಲಿ ಯಾವುದೋ ವಿಡಿಯೋ ತುಣುಕು ಓಡುತ್ತಿರುತ್ತದೆ, ಅದನ್ನು ನೋಡುತ್ತ ಐವರೂ ಕೈಗೆ ಬಂದದ್ದನ್ನು ನುಡಿಸುವುದು. ಗಂಟೆಗಟ್ಟಲೆ ರೆಕಾರ್ಡ್ ಆದದ್ದನ್ನು ಆಮೇಲೆ ಈನೊ ಜರಡಿ ಹಿಡಿಯುವುದು. ಜೊಳ್ಳು ಹೋಗಿ ಕಾಳು ಉಳಿಯಬೇಕು. ಉಳಿದದ್ದೆಲ್ಲ ಕಾಳೇ ಎಂದು ನಾನು ಹೇಳಲಾರೆ.

ಆಲ್ಬಂ ಜೊತೆ ಬಂದ ಕಿರುಪುಸ್ತಕವಂತೂ ತಮಾಷೆ. ಪ್ರತಿ ಹಾಡು ಯಾವ ದೇಶದ, ಯಾರು ನಿರ್ದೇಶಿಸಿದ, ಎಂಥ ಕತೆಯ ಸಿನಿಮಾದ್ದು ಅಂತ ಗಂಭೀರವಾಗಿ ವಿವರಣೆ ಇದೆ. ಹೆಚ್ಚಿನದು ಬುರುಡೆ. ವಿವರಣೆ ಬರೆದವರ ಹೆಸರು ‘ಬೆನ್ ಓರಿಯನ್’ ಮತ್ತು ‘ಸಿ. ಎಸ್. ಜೆ. ಬೊಫೊಪ್’. ಮೊದಲನೆಯದು ಬ್ರಿಯಾನ್ ಈನೊ ಎಂಬ ಇಂಗ್ಲಿಷ್ ಅಕ್ಷರಗಳನ್ನೇ ಕಲಸಿ ಮಾಡಿದ್ದು. ಎರಡನೆಯದು ಅದೇ ಹೆಸರಿನ ಒಂದೊಂದು ಅಕ್ಷರದ ಬದಲು ಇಂಗ್ಲಿಷ್ ವರ್ಣಮಾಲೆಯಲ್ಲಿ ಅದರ ಮುಂದಿನ ಅಕ್ಷರ ಹಾಕಿದ್ದು. ಅಂದರೆ ಇಬ್ಬರೂ ಈನೊ ಅವರೇ.

ಬುರುಡೆಯ ನಡುವೆ ನಿಜವಾದ ಸಿನಿಮಾಗಳೂ ಇವೆ. ಇಟಲಿಯ ಆಂತೊನಿಯೊನಿ ಮತ್ತು ಜರ್ಮನಿಯ ವಿಮ್ ವೆಂಡರ್ಸ್ ಸೇರಿ ತೆಗೆದ ‘ಬಿಯಾಂಡ್ ದ ಕ್ಲೌಡ್ಸ್’ಗೆ ಎರಡು ಹಾಡು ಹೋದವು. ‘ಘೋಸ್ಟ್ ಇನ್ ದ ಶೆಲ್’ ಎಂಬ ಜಪಾನಿನ ಅನಿಮೇಷನ್ ಚಿತ್ರದ ಇಂಗ್ಲಿಷ್ ಅವತರಣಿಕೆಯ ಕೊನೆಯಲ್ಲಿ ಒಂದು ಹಾಡು ಬರುತ್ತದೆ. ‘ಆಲ್ವೇಸ್ ಫಾರೆವರ್ ನೌ’ ಎಂಬ ಇನ್ನೊಂದು ಹಾಡನ್ನು ನಿರ್ದೇಶಕ ಮೈಕೆಲ್ ಮಾನ್ ತಮ್ಮ ‘ಹೀಟ್’ ಎಂಬ ಪೊಲೀಸ್-ಕಳ್ಳರ ಚಿತ್ರಕ್ಕೆ ಬಳಸಿಕೊಂಡರು. ನಿಜವಾದ ಚಿತ್ರಗಳ ಸಾಲಿನಲ್ಲೇ ಬಿಲ್ ಕಾರ್ಟರ್ ಸರಾಯೆವೊದಲ್ಲಿ ಚಿತ್ರೀಕರಿಸಿದ ‘ಮಿಸ್ ಸರಾಯೆವೊ’ ಡಾಕ್ಯುಮೆಂಟರಿಯೂ ಇದೆ. ಕಾರ್ಟರ್ ಅದನ್ನು ಪೂರ್ತಿ ಮಾಡಲು ಬೊನೊ ನಿರ್ಮಾಪಕರಾಗಿ ನಿಂತಿದ್ದರು. ಅದಕ್ಕೊಂದು ಹಾಡು ಬೇಕಿತ್ತು.

ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಒತ್ತಡ. ಇಟಲಿಯ ಲುಚಿಯಾನೊ ಪವರೊಟ್ಟಿ, ಒಪೆರಾ ಎಂಬ ಸಂಗೀತ ನಾಟಕ ಪ್ರಕಾರದಲ್ಲಿ ಆ ಕಾಲದ ಅತ್ಯಂತ ಜನಪ್ರಿಯ ಗಾಯಕ. ಭಾರಿ ಆಳು, ಭಾರಿ ಗಡ್ಡ, ಮೈಕಿಲ್ಲದೆ ದೊಡ್ಡ ರಂಗಮಂದಿರ ತುಂಬುವ ಗಂಟಲು. ಪ್ರತಿ ವರ್ಷ ತಮ್ಮ ಊರು ಮೊದೆನಾದಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮ ಮಾಡುತ್ತಿದ್ದರು. 1995ರದ್ದು ಬೋಸ್ನಿಯಾದ ಮಕ್ಕಳಿಗಾಗಿ. ನನಗೊಂದು ಹಾಡು ಬರೆದುಕೊಡಿ ಎಂದು ಬೊನೊ ಮನೆಗೆ ಫೋನ್ ಮೇಲೆ ಫೋನ್ ಮಾಡಿದರಂತೆ. ಬೊನೊ ಸಿಗದಿದ್ದರೆ ಮನೆಗೆಲಸದವರ ಹತ್ತಿರವೇ ಮಾತಾಡಿ ಅವರನ್ನು ಒಲಿಸಿಕೊಂಡರಂತೆ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ ಎಂದು ಬೊನೊ ಆಮೇಲೆ ನಗುತ್ತ ಹೇಳಿದ್ದುಂಟು.

ಹಾಗೆ ಹುಟ್ಟಿದ ‘ಮಿಸ್ ಸರಾಯೆವೊ’ ಹಾಡನ್ನು ನಿಮ್ಮ ಫೋನಿನಲ್ಲೇ ಹುಡುಕಿ ಕೇಳಬಹುದು. ಇಂಗ್ಲಿಷ್ ಬಾರದಿದ್ದರೂ ತೊಂದರೆ ಇಲ್ಲ. ಮೊದಲು ಬೊನೊ ಬಹಳ ತಗ್ಗಿದ ದನಿಯಲ್ಲಿ, ಮಾತಾಡಿದ ಹಾಗೆ, ಒಂದರ ಹಿಂದೊಂದು ಪ್ರಶ್ನೆ ಕೇಳುತ್ತ ಹೋಗುತ್ತಾರೆ. ಕೊಲೆ ನಡೆದಿರುವ ಊರಲ್ಲಿ ಕೂದಲು ಬಾಚಿಕೊಳ್ಳುವಂಥ ಕೆಲಸಕ್ಕೂ ಒಂದು ಹೊತ್ತು ಇರಬಹುದೇ ಎಂಬುದೇ ಆ ಪ್ರಶ್ನೆಗಳ ಸಾರ. ಉತ್ತರ ಇಲ್ಲ. ಹಿಂದೆ ವಾದ್ಯಗಳು ಮಂಜಿನ ಹಾಗೆ ಹಬ್ಬಿಕೊಂಡಿವೆ, ಅದು ಈನೊ ಕೈಕೆಲಸ. ಇದ್ದಕ್ಕಿದ್ದ ಹಾಗೆ ಪವರೊಟ್ಟಿ ಇಟಾಲಿಯನ್ ಭಾಷೆಯಲ್ಲಿ ಎತ್ತಿಕೊಳ್ಳುತ್ತಾರೆ. ಅಲ್ಲಿಯವರೆಗೆ ಪಿಸುಗುಡುತ್ತಿದ್ದ ಹಾಡು ಬಾಗಿಲು ಒದ್ದು ಹೊರಗೆ ಬಂದಂತಾಗುತ್ತದೆ. ರಾಕ್ ಹಾಡಿಗೆ ಒಪೆರಾ ಸೇರಿಸುವುದು ಬಹಳ ಸಲ ಕೆಟ್ಟದಾಗಿ ಕೇಳುತ್ತದೆ, ಮದುವೆ ಮನೆಯಲ್ಲಿ ಎರಡು ಮೈಕು ಒಟ್ಟಿಗೆ ಹಾಕಿದ ಹಾಗೆ. ಇಲ್ಲಿ ಹಾಗಾಗಿಲ್ಲ. ಹುಡುಗಿಯರ ಬಗ್ಗೆ ಮಾತಾಡುವ ದನಿ ಒಂದು, ಅವರ ಎದೆಯೊಳಗಿನ ಕೂಗು ಇನ್ನೊಂದು ಎನ್ನುವಂತೆ ಎರಡೂ ಬೇರೆಬೇರೆಯಾಗಿ ಉಳಿಯುತ್ತವೆ.

ಹಾಡು ಸಿದ್ಧವಾದ 1995ರ ಬೇಸಿಗೆಯಲ್ಲಿ ಬೋಸ್ನಿಯಾದಲ್ಲಿ ಏನಾಗುತ್ತಿತ್ತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿ. ಜುಲೈನಲ್ಲಿ ಸ್ರೆಬ್ರೆನಿತ್ಸಾ ಎಂಬ ಊರಲ್ಲಿ, ವಿಶ್ವಸಂಸ್ಥೆ ಸುರಕ್ಷಿತ ಎಂದು ಘೋಷಿಸಿದ್ದ ಜಾಗದಲ್ಲಿ, ಸರ್ಬ್ ಪಡೆಗಳು 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಕೊಂದವು. ಆಗಸ್ಟ್ 28ರಂದು ಸರಾಯೆವೊದ ಅದೇ ಮಾರ್ಕಾಲೆ ಸಂತೆಗೆ ಮತ್ತೆ ಶೆಲ್ ಬಿತ್ತು. ಎರಡು ದಿನಕ್ಕೆ ನೇಟೊ ವಿಮಾನಗಳು ಸರ್ಬ್ ನೆಲೆಗಳ ಮೇಲೆ ಬಾಂಬ್ ಹಾಕಲು ಶುರುಮಾಡಿದವು. ಆ ದಾಳಿ ಇನ್ನೂ ನಡೆಯುತ್ತಿದ್ದಾಗಲೇ, ಸೆಪ್ಟೆಂಬರ್ 12ರಂದು, ಮೊದೆನಾದಲ್ಲಿ ಪವರೊಟ್ಟಿ, ಬೊನೊ, ಗಿಟಾರ್ ವಾದಕ ಎಡ್ಜ್ ಮತ್ತು ಈನೊ ಈ ಹಾಡನ್ನು ಮೊದಲ ಸಲ ಜನರೆದುರು ಹಾಡಿದರು.

ಅಂದಿನ ಸಭೆಯಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಇದ್ದರು. ಬೊನೊ ತಂದೆ ಬಾಬ್ ಹ್ಯೂಸನ್ ಕೂಡ ಇದ್ದರು. ಡಬ್ಲಿನ್ನಿನ ಅಂಚೆ ಇಲಾಖೆ ನೌಕರ, ಒಪೆರಾ ಹುಚ್ಚಿನ ಮನುಷ್ಯ. ಬ್ರಿಟಿಷ್ ರಾಜಮನೆತನ ಎಂದರೆ ಐರಿಶ್ ಜನಕ್ಕೆ ಇರಬಹುದಾದ ಸಿಟ್ಟೆಲ್ಲ ಅವರಿಗೂ ಇತ್ತು. ಡಯಾನಾ ಎದುರು ಬಂದು ಕೈಕುಲುಕಿದ್ದೇ ತಡ, ಶತಮಾನಗಳ ಸಿಟ್ಟು ಅಪ್ಪನ ಮುಖದಿಂದ ಕೆಲವೇ ಸೆಕೆಂಡಿನಲ್ಲಿ ಇಳಿದುಹೋಯಿತು ಎಂದು ಮಗ ಬರೆದುಕೊಂಡಿದ್ದಾರೆ.

ನವೆಂಬರ್ ಮೊದಲ ವಾರ ಆಲ್ಬಂ ಬಂತು. ಎರಡು ವಾರ ಕಳೆದು ಅಮೆರಿಕದ ಡೇಟನ್ ಎಂಬಲ್ಲಿ ಬೋಸ್ನಿಯಾ ಶಾಂತಿ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿತು. ಹಾಡಿಗೂ ಒಪ್ಪಂದಕ್ಕೂ ಸಂಬಂಧವಿಲ್ಲ. ಅದನ್ನು ತಂದದ್ದು ಬಾಂಬು, ಯುದ್ಧಭೂಮಿಯಲ್ಲಿ ತಿರುಗಿದ ಬಲಾಬಲ, ಅಮೆರಿಕದ ಒತ್ತಡ. ಹಾಡು ಯುದ್ಧ ನಿಲ್ಲಿಸಿತು ಎಂದು ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ನಂಬಬೇಡಿ.

ಅಂಗಡಿಯಲ್ಲಿ ಆಲ್ಬಂನ ಗತಿ ಏನಾಯಿತು? ಯುಟೂ ಹೆಸರಿದ್ದರೆ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನ ಗ್ಯಾರಂಟಿ ಎನ್ನುವ ಕಾಲ. 1993ರ ಅವರ ‘ಜೂರೊಪಾ’ ಹಾಗೇ ಏರಿತ್ತು. ಪ್ಯಾಸೆಂಜರ್ಸ್ ಬ್ರಿಟನ್ನಿನಲ್ಲಿ 12ನೇ ಸ್ಥಾನ ಮುಟ್ಟಿತು, ಅಮೆರಿಕದಲ್ಲಿ 76. ಹೆಸರು ಬದಲಿಸಿದ್ದಕ್ಕೆ ಈ ವ್ಯಾಪಾರದ ಲೆಕ್ಕವೂ ಒಂದು ಕಾರಣ. ಜನ ಇದನ್ನೇ ಯುಟೂ ತಂಡದ ಮುಂದಿನ ಆಲ್ಬಂ ಎಂದು ಕೊಂಡು ಬೇಜಾರಾದರೆ ಬ್ರ್ಯಾಂಡ್ ಕೆಡುತ್ತದೆ ಎಂಬ ಚಿಂತೆ ಅವರ ರೆಕಾರ್ಡ್ ಕಂಪನಿಗಿತ್ತು. ‘ಮಿಸ್ ಸರಾಯೆವೊ’ ಹಾಡು ಮಾತ್ರ ಬಿಡಿಯಾಗಿ ಬಂದಾಗ ಬ್ರಿಟನ್ನಿನಲ್ಲಿ ಆರನೇ ಸ್ಥಾನಕ್ಕೆ ಏರಿತು.

ಅತಿ ಖಾರವಾದ ವಿಮರ್ಶೆ ಬಂದದ್ದು ಒಳಗಿನಿಂದಲೇ. 1976ರಲ್ಲಿ ಶಾಲೆಯ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿ ಯುಟೂ ಬ್ಯಾಂಡ್ ಶುರುಮಾಡಿದ್ದೇ ಲ್ಯಾರಿ ಮಲ್ಲೆನ್. ಅವರಿಗೆ ಈ ಆಲ್ಬಂ ಕಂಡರಾಗದು. ಕುತೂಹಲದ ಸಂಗೀತಕ್ಕೂ ತಮಗೆ ತಾವೇ ಮುದ್ದು ಮಾಡಿಕೊಳ್ಳುವ ಸಂಗೀತಕ್ಕೂ ನಡುವೆ ಒಂದು ಗೆರೆ ಇದೆ, ಪ್ಯಾಸೆಂಜರ್ಸ್‌ನಲ್ಲಿ ನಾವು ಆ ಗೆರೆ ದಾಟಿಬಿಟ್ಟೆವು ಎಂಬರ್ಥದಲ್ಲಿ ಹೇಳಿದರು.

ನನಗೆ ಕೇಳಿದರೆ ಲ್ಯಾರಿ ಅರ್ಧ ಸರಿ. ಆಲ್ಬಂನ ಕೆಲವು ಹಾಡುಗಳಲ್ಲಿ ಐದು ಜನ ಬುದ್ಧಿವಂತರು ಕೂತು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಿರುವ ಹಾಗೆ ಅನಿಸುತ್ತದೆ, ಕೇಳುಗನಿಗೆ ಅಲ್ಲಿ ಮಣೆ ಇಲ್ಲ. ‘ಎಲ್ವಿಸ್ ಏಟ್ ಅಮೆರಿಕ’ ಎಂಬುದನ್ನು ನಾನು ಎರಡನೇ ಸಲ ಪೂರ್ತಿ ಕೇಳಲಿಲ್ಲ. ‘ಯುವರ್ ಬ್ಲೂ ರೂಮ್’ ಚೆನ್ನಾಗಿದೆ, ರಾತ್ರಿ ಬಸ್ಸಿನ ಕಿಟಕಿ ಪಕ್ಕ ಕೂತು ಕೇಳುವಂಥದ್ದು. ಜಪಾನಿನ ಗಾಯಕಿ ಹೋಲಿ ಹಾಡಿದ ‘ಇತೊ ಒಕಾಶಿ’ ಸಣ್ಣದಾದರೂ ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ ತಮ್ಮ ಹೆಸರಿನ ಭಾರ ಇಳಿಸಿಟ್ಟದ್ದರಿಂದಲೇ ‘ಮಿಸ್ ಸರಾಯೆವೊ’ ಸಾಧ್ಯವಾಯಿತು ಎಂಬುದನ್ನು ಲ್ಯಾರಿ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಅಲ್ಲಿಯವರೆಗಿನ ಯುಟೂ ಸರಾಯೆವೊ ಬಗ್ಗೆ ಹಾಡಿದ್ದರೆ ಬಾವುಟ, ಘೋಷಣೆ, ಎತ್ತರದ ದನಿ ಇರುತ್ತಿತ್ತು. ಪ್ಯಾಸೆಂಜರ್ಸ್ ಆಗಿ ಹಾಡಿದಾಗ ಅವರು ದನಿ ತಗ್ಗಿಸಿದರು, ಜೋರಿನ ಭಾಗವನ್ನು ಇನ್ನೊಬ್ಬರಿಗೆ, ಇನ್ನೊಂದು ಭಾಷೆಗೆ ಬಿಟ್ಟುಕೊಟ್ಟರು.

ಬ್ಯಾನರಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಆ ಹುಡುಗಿಯರ ಭಾಷೆ ಇಂಗ್ಲಿಷ್ ಅಲ್ಲ. ಸಭೆಯಲ್ಲಿ ಕೂತಿದ್ದ ಊರಿನವರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳುವ ಅಗತ್ಯವೂ ಇರಲಿಲ್ಲ. ಅಲ್ಲಿ ಕ್ಯಾಮೆರಾ ಇದೆ, ಆ ಕ್ಯಾಮೆರಾದ ಆಚೆ ಲಂಡನ್, ಪ್ಯಾರಿಸ್, ನ್ಯೂಯಾರ್ಕ್ ಇದೆ ಎಂದು ಗೊತ್ತಿದ್ದೇ ಬರೆದದ್ದು. ಅಂದರೆ ಹೊರಗಿನವರು ಬಂದು ಅವರ ಕತೆ ಎತ್ತಿಕೊಂಡು ಹೋದರು ಎನ್ನುವಷ್ಟು ಸರಳವಿಲ್ಲ ಇದು. ಏನು ಎತ್ತಿಕೊಂಡು ಹೋಗಬೇಕೆಂದು ಕಟ್ಟಿ ಕೊಟ್ಟವರು ಅವರೇ. ಆಮೇಲೆ ಬಂದ ಬೊನೊ, ಪವರೊಟ್ಟಿ, ಈನೊ ಯಾರೂ ಆ ಬ್ಯಾನರಿಗಿಂತ ಸ್ಪಷ್ಟವಾದ ಮಾತು ಹೇಳಲಿಲ್ಲ.

ದುಡ್ಡಿನ ರೂಪದಲ್ಲೂ ಸಹಾಯ ಹೋಯಿತು. ‘ವಾರ್ ಚೈಲ್ಡ್’ ಎಂಬ ಬ್ರಿಟನ್ನಿನ ಸಂಸ್ಥೆ ಬೋಸ್ನಿಯಾದ ಮಕ್ಕಳಿಗೆ ನೆರವು ಕೊಡುತ್ತಿತ್ತು, ಈನೊ ಅದರ ಜೊತೆ ಬಹಳ ಓಡಾಡಿದರು. 1995ರ ಸೆಪ್ಟೆಂಬರ್ 4ರಂದು ಬ್ರಿಟನ್ನಿನ ಹಲವು ಬ್ಯಾಂಡುಗಳು ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ ‘ಹೆಲ್ಪ್’ ಆಲ್ಬಂ ಅದೇ ವಾರ ಅಂಗಡಿಗೆ ಬಂದು ಈ ಸಂಸ್ಥೆಗೆ ಹಣ ತಂದಿತು. ಯುದ್ಧದಲ್ಲಿ ಹಳೆಯ ಕಲ್ಲಿನ ಸೇತುವೆಯನ್ನೂ ಕಳೆದುಕೊಂಡಿದ್ದ ಮೊಸ್ತಾರ್ ಪಟ್ಟಣದಲ್ಲಿ 1997ರ ಡಿಸೆಂಬರಿನಲ್ಲಿ ಪವರೊಟ್ಟಿ ಹೆಸರಿನ ಸಂಗೀತ ಕೇಂದ್ರ ತೆರೆಯಿತು. ಯುದ್ಧ ಕಂಡ ಮಕ್ಕಳು ಅಲ್ಲಿ ತಾಳ ಬಾರಿಸಿದರು, ಹಾಡಿದರು. ಆದರೆ ಆ ಕಟ್ಟಡದ ಗುತ್ತಿಗೆಯಲ್ಲಿ ಲಂಚ ನಡೆದಿತ್ತು ಎಂಬ ಸುದ್ದಿ 2001ರಲ್ಲಿ ಹೊರಬಂತು. ಪವರೊಟ್ಟಿ ಸೇರಿ ಹಲವು ಗಣ್ಯರು ಸಂಸ್ಥೆಯಿಂದ ದೂರ ಸರಿದರು. ಪುಣ್ಯದ ಕೆಲಸದ ಲೆಕ್ಕಪುಸ್ತಕವನ್ನೂ ಆಗಾಗ ತೆರೆದು ನೋಡಬೇಕಾಗುತ್ತದೆ.

ಹಾಗಾದರೆ ಆ ಮೂವರು ಹೆಂಗಸರ ಮಾತು? ನೀವು ಮರೆಯುತ್ತೀರಿ ಎಂದದ್ದು?

1997ರ ಸೆಪ್ಟೆಂಬರ್ 23ರಂದು ಯುಟೂ ಸರಾಯೆವೊಕ್ಕೆ ಬಂತು, ಕೋಶೆವೊ ಸ್ಟೇಡಿಯಂಗೆ. ಒಲಿಂಪಿಕ್ಸ್‌ಗೆ ಕಟ್ಟಿದ್ದ ಆಟದ ಬಯಲುಗಳ ಪಕ್ಕದಲ್ಲೇ ಆಗ ಯುದ್ಧದ ಗೋರಿಗಳು ತುಂಬಿದ್ದವು. ಟಿಕೆಟ್ ದರ ಬಹಳ ಕಡಿಮೆ ಇಟ್ಟಿದ್ದರು. ಕಾರ್ಯಕ್ರಮಕ್ಕೆ ಬರುವವರಿಗಾಗಿ, ಯುದ್ಧದಿಂದ ನಿಂತೇಹೋಗಿದ್ದ ರೈಲು ಓಡಿಸಿದರು. ಗಡಿಯಲ್ಲಿ ವೀಸಾ ಕೇಳುವುದನ್ನು ಬಿಟ್ಟರು. ಸುಮಾರು 45,000 ಜನ ಸೇರಿದರು, ಮುಸ್ಲಿಮರು, ಸರ್ಬರು, ಕ್ರೊವೇಟರು ಎಲ್ಲರೂ. ಎರಡು ವರ್ಷದ ಹಿಂದೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರು ಆ ಗುಂಪಿನಲ್ಲಿ ಎಷ್ಟಿದ್ದರೋ.

ಅಂದು ಬೊನೊ ಗಂಟಲು ಕೈಕೊಟ್ಟಿತು. ಶುರುವಾದ ಸ್ವಲ್ಪ ಹೊತ್ತಿಗೇ ಸ್ವರ ಹೊರಡದಂತಾಗಿ ಎತ್ತರದ ಸಾಲುಗಳನ್ನು ಜನರೇ ಹಾಡಿದರು. ಒಂದು ಹಾಡನ್ನು ಎಡ್ಜ್ ಒಬ್ಬರೇ ನಿಂತು ಗಿಟಾರ್ ಜೊತೆ ಹೇಳಿ ಮುಗಿಸಿದರು. ‘ಮಿಸ್ ಸರಾಯೆವೊ’ ಸರದಿ ಬಂದಾಗ ಈನೊ ವೇದಿಕೆ ಹತ್ತಿದರು. ಬ್ಯಾಂಡು ಪೂರ್ತಿ ಸೇರಿ ಜನರೆದುರು ಆ ಹಾಡು ನುಡಿಸಿದ್ದು ಅದೇ ಮೊದಲು. ಪವರೊಟ್ಟಿ ಬಂದಿರಲಿಲ್ಲ. ಹಾಡು ಅಲ್ಲಲ್ಲಿ ಮುಗ್ಗರಿಸಿತು, ಯಾರೂ ಚಿಂತೆ ಮಾಡಲಿಲ್ಲ.

ಪ್ಯಾಸೆಂಜರ್ಸ್ ಆಲ್ಬಂ ಕಂಡರಾಗದ ಅದೇ ಲ್ಯಾರಿ ಮಲ್ಲೆನ್ ಆ ರಾತ್ರಿಯ ಬಗ್ಗೆ ಹೇಳಿದ್ದು, ಇದೊಂದು ಕಾರ್ಯಕ್ರಮಕ್ಕಾಗಿಯೇ 20 ವರ್ಷ ಬ್ಯಾಂಡಿನಲ್ಲಿ ಇರಬೇಕಾಗಿದ್ದರೂ ಅದು ಸಾರ್ಥಕವೇ ಆಗಿರುತ್ತಿತ್ತು ಎಂದು.

ಇನೇಲಾ ನೋಗಿಚ್ ಮುಂದೆ ನೆದರ್ಲೆಂಡ್ಸ್‌ಗೆ ಹೋಗಿ ನೆಲೆಸಿದರು. ಪವರೊಟ್ಟಿ 2007ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲೇ, 2005ರ ಯುಟೂ ಪ್ರವಾಸದಲ್ಲಿ, ಅವರ ಇಟಾಲಿಯನ್ ಭಾಗವನ್ನು ಬೊನೊ ತಾವೇ ಹಾಡಲು ಶುರುಮಾಡಿದ್ದರು, ಅಂಚೆ ನೌಕರನ ಮಗನಿಗೆ ಸಾಧ್ಯವಾದಷ್ಟು ಎತ್ತರದ ಸ್ವರದಲ್ಲಿ. ಆಲ್ಬಂ ಹೆಸರಿನ ಕೊನೆಗೆ 1 ಎಂದಿತ್ತಲ್ಲ, 2 ಬರಲೇ ಇಲ್ಲ.